ಕುಣಿದರೆ ಲೆಕ್ಕ ಬರುತ್ತಾ, ಟೀಚರ್?

ಕಳೆದ ಸಂಚಿಕೆಯಲ್ಲಿ, ತಾಳ ಹಾಕಲು ಬರುವ ಮಗುವಿಗೆ ಬೀಜಗಣಿತ ಅರ್ಧ ಬಂದ ಹಾಗೆಯೇ ಎಂದು ಒಂದು ಸಾಲು ಬರೆದು ಮುಂದೆ ಹೋಗಿದ್ದೆ. ಆ ಸಾಲನ್ನೇ ಹಿಡಿದುಕೊಂಡು ಪತ್ರಗಳು ಬಂದಿವೆ. ಕೆಲವರಿಗೆ ಕುತೂಹಲ, ಕೆಲವರಿಗೆ ಕೋಪ. ಈ ಸಲ ಬೇರೆ ಪ್ರಶ್ನೆಗಳನ್ನು ಬದಿಗಿಟ್ಟು ಇವಕ್ಕೇ ಪುಟ ಕೊಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಹಗಲು ಪ್ರೌಢಶಾಲೆಯಲ್ಲಿ ಗಣಿತ, ಸಂಜೆ ಮನೆಯ ಜಗಲಿಯಲ್ಲಿ ಭರತನಾಟ್ಯ ಹೇಳಿಕೊಟ್ಟು ನಿವೃತ್ತಳಾದವಳು. ಎರಡನ್ನೂ ಬೆರೆಸಿದ್ದಕ್ಕೆ ಎರಡೂ ಕಡೆಯವರಿಂದ ಬೈಸಿಕೊಂಡಿದ್ದೇನೆ.

ಪ್ರಶ್ನೆ: ನಮಸ್ಕಾರ ಮೇಡಂ. ಐದನೇ ತರಗತಿಗೆ ಮಗ್ಗಿಯ ಹಾಡು ಕಟ್ಟಿ ಡ್ಯಾನ್ಸ್ ಹೇಳಿಕೊಟ್ಟೆ. ವಾರ್ಷಿಕೋತ್ಸವದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಆದರೆ ಆರೇಳ್ಲಿ ಎಷ್ಟು ಎಂದು ನಡುವೆ ಕೇಳಿದರೆ, ಮಕ್ಕಳು ಹಾಡನ್ನು ಮೊದಲಿಂದ ಶುರು ಮಾಡಿ ಕುಣಿದುಕೊಂಡೇ ಅಲ್ಲಿಗೆ ಬರಬೇಕು. ಏನು ಮಾಡಲಿ?
— ಶಿಕ್ಷಕಿ, ಹೊಸದುರ್ಗ

ಉತ್ತರ: ಹಾಡು ಚೆನ್ನಾಗಿಯೇ ಇರಬೇಕು, ಇರಲಿ ಬಿಡಿ. ಆದರೆ ಆ ಕುಣಿತಕ್ಕೂ ಮಗ್ಗಿಗೂ ಸಂಬಂಧವಿಲ್ಲ. ‘ಆರೇಳ್ಲಿ ನಲವತ್ನಾಕು’ ಎಂದು ತಪ್ಪು ಹಾಡಿದರೂ ಹೆಜ್ಜೆ ಒಂದಿಷ್ಟೂ ಕೆಡುವುದಿಲ್ಲ, ಅಲ್ಲವೇ? ನಾನು ನೋಡುವುದು ಒಂದೇ: ಲೆಕ್ಕ ತಪ್ಪಿದರೆ ಕುಣಿತ ತಪ್ಪಬೇಕು. ಕಾಲು ಕಾಲಿಗೆ ತಾಗಬೇಕು, ಪಕ್ಕದವಳಿಗೆ ಢಿಕ್ಕಿ ಹೊಡೆಯಬೇಕು, ಇಡೀ ಸಾಲು ನಿಲ್ಲಬೇಕು. ಹಾಗಾಗದಿದ್ದರೆ ಅದು ಪಾಠಕ್ಕೆ ಹೊದಿಸಿದ ಜರಿ ಶಾಲು.

ಐದನೆಯವರಿಗೆ ಇದನ್ನು ಮಾಡಿಸಿ ನೋಡಿ. ಮಕ್ಕಳನ್ನು ಎದುರುಬದುರು ಎರಡು ಸಾಲಾಗಿ ನಿಲ್ಲಿಸಿ. ಒಂದು ಸಾಲು ‘ತಕಿಟ’ ಎಂದು ಮೂರೆಣಿಸಲಿ, ಇನ್ನೊಂದು ‘ತಕದಿಮಿ’ ಎಂದು ನಾಲ್ಕು. ಎರಡಕ್ಕೂ ಒಂದೇ ಲಯ. ಪ್ರತಿ ಸಲ ‘ತ’ ಬಂದಾಗ ಬಲಗಾಲು ಅಪ್ಪಳಿಸಬೇಕು. ಮೊದಲ ಪೆಟ್ಟು ಒಟ್ಟಿಗೆ ಬೀಳುತ್ತದೆ, ಆಮೇಲೆ ಚೆಲ್ಲಾಪಿಲ್ಲಿ. ಮತ್ತೆ ಯಾವಾಗ ಒಟ್ಟಿಗೆ ಬೀಳುತ್ತದೆ ಎಂದು ಮೊದಲೇ ಕೇಳಿ, ಬೋರ್ಡಿನ ಮೇಲೆ ಎಲ್ಲರ ಊಹೆ ಬರೆದಿಟ್ಟು ಶುರು ಮಾಡಿಸಿ. 12 ಎಣಿಕೆ ಮುಗಿದು 13ನೆಯದಕ್ಕೆ ಇಡೀ ಕೋಣೆ ಒಂದೇ ಸಲ ಗುಡುಗುತ್ತದೆ. ಆಮೇಲೆ ನಾಲ್ಕರ ಜೊತೆ ಐದು ಕೊಡಿ, ‘ತಕತಕಿಟ’, ಕಾಲು ಮೊದಲ ‘ತ’ಗೆ ಮಾತ್ರ: 20 ಎಣಿಕೆಗೊಮ್ಮೆ. ಇಷ್ಟು ಹೊತ್ತಿಗೆ, ಎರಡು ಸಂಖ್ಯೆ ಗುಣಿಸಿದರೆ ಮುಗಿಯಿತು ಎಂದು ಜಾಣರೆಲ್ಲ ತೀರ್ಮಾನಿಸಿರುತ್ತಾರೆ. ಆಗ ನಾಲ್ಕು ಮತ್ತು ಆರು ಕೊಡಿ. ಆರಕ್ಕೆ ‘ತಕ ತಕದಿಮಿ’, ಕಾಲು ಮಾತ್ರ ಮೊದಲ ‘ತ’ಗೇ. ಎಲ್ಲರೂ 24 ಎನ್ನುತ್ತಾರೆ, ಕಾಲು 12 ಮುಗಿದ ಕೂಡಲೇ ಕೂಡಿಬಿಡುತ್ತದೆ. ಯಾಕೆ ಎಂದು ಮಕ್ಕಳೇ ಕೇಳುತ್ತಾರೆ. ಲಘುತಮ ಸಾಮಾನ್ಯ ಅಪವರ್ತ್ಯ ಎಂಬ ಉದ್ದದ ಹೆಸರನ್ನು ಆಗ ಹೇಳಿ, ಅದಕ್ಕೆ ಮೊದಲು ಬೇಡ.

ಪ್ರಶ್ನೆ: ತಾಳಕ್ಕೂ ಬೀಜಗಣಿತಕ್ಕೂ ಏನು ನಂಟು ಎಂದು ಬಿಡಿಸಿ ಬರೆಯಿರಿ. ನನಗೆ ಸಂಗೀತದ ಗಂಧವಿಲ್ಲ.
— ಗಣಿತ ಶಿಕ್ಷಕ, ಶಿರಸಿ

ಉತ್ತರ: ಗಂಧ ಬೇಡ, ಒಂದು ಕೈ ಒಂದು ತೊಡೆ ಇದ್ದರೆ ಸಾಕು. ಕರ್ನಾಟಕ ಸಂಗೀತದಲ್ಲಿ ಸಪ್ತ ತಾಳಗಳಿವೆ: ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ. ಏಳನ್ನೂ ಕಟ್ಟಿರುವುದು ಮೂರು ಅಂಗಗಳಿಂದ. ಅನುದ್ರುತ ಎಂದರೆ ಬರೀ ಒಂದು ಪೆಟ್ಟು, 1 ಅಕ್ಷರ (ತಾಳದಲ್ಲಿ ಅಕ್ಷರ ಎಂದರೆ ಒಂದು ಎಣಿಕೆ). ದ್ರುತ ಎಂದರೆ ಒಂದು ಪೆಟ್ಟು, ಆಮೇಲೆ ಅಂಗೈ ಮೇಲಕ್ಕೆ, 2 ಅಕ್ಷರ. ಲಘು ಎಂದರೆ ಒಂದು ಪೆಟ್ಟು, ಆಮೇಲೆ ಕಿರುಬೆರಳಿಂದ ಎಣಿಕೆ. ಮೊದಲೆರಡರ ಉದ್ದ ಎಂದೂ ಬದಲಾಗದು. ಲಘುವಿನದು ಮಾತ್ರ ಜಾತಿಗೆ ತಕ್ಕಂತೆ: ತಿಶ್ರ 3, ಚತುರಶ್ರ 4, ಖಂಡ 5, ಮಿಶ್ರ 7, ಸಂಕೀರ್ಣ 9. ಏಳು ತಾಳ, ಐದು ಜಾತಿ, ಒಟ್ಟು 35.

ಬೆಲೆ ಬದಲಾಗುವುದು ಯಾವುದು, ಆಗದೆ ಇರುವುದು ಯಾವುದು ಎಂಬುದು ಮಕ್ಕಳ ಕೈಗೆ ಆಗಲೇ ಗೊತ್ತಾಯಿತು. ಲಘುವನ್ನು ‘ಲ’ ಎಂದು ಕರೆಯಿರಿ. ಏಕ ತಾಳ ಎಂದರೆ ಲ. ರೂಪಕ ಲ+2, ಝಂಪೆ ಲ+3, ತ್ರಿಪುಟ ಲ+4, ಮಠ್ಯ 2ಲ+2, ಅಟ್ಟ 2ಲ+4, ಧ್ರುವ 3ಲ+2. ಎಲ್ಲರೂ ಹಾಕುವ ಆದಿತಾಳ ಬೇರೇನಲ್ಲ, ಚತುರಶ್ರ ಜಾತಿ ತ್ರಿಪುಟ: 4+4, ಎಂಟು.

ಈಗ ಆಟ. ನೀವು ಜಾತಿ ಹೇಳದೆ ಅಟ್ಟ ತಾಳ ಹಾಕಿ, ಮೇಜಿನ ಕೆಳಗೆ ಕೈ ಇಟ್ಟುಕೊಂಡು. ಒಂದು ಸುತ್ತಿಗೆ 14 ಅಕ್ಷರ ಎಂದಷ್ಟೇ ತಿಳಿಸಿ. ಲಘು ಎಷ್ಟರದ್ದು? ಹುಡುಗಿಯೊಬ್ಬಳು ಕೊನೆಯ ಎರಡು ದ್ರುತಗಳನ್ನು ಕಳೆಯುತ್ತಾಳೆ, ಉಳಿದದ್ದು ಹತ್ತು, ಲಘು ಎರಡು, ಹಾಗಾದರೆ ಒಂದಕ್ಕೆ ಐದು, ಖಂಡ. ಅವಳು 2ಲ+4=14 ಬಿಡಿಸಿ ಆಯಿತು. ಅದೇ 14ಕ್ಕೆ ಧ್ರುವ ಹಾಕಿದರೆ 3ಲ+2=14, ಲಘು ನಾಲ್ಕರದ್ದು. ಅರ್ಧ ತರಗತಿಗೆ ಖಂಡ ಅಟ್ಟ, ಇನ್ನರ್ಧಕ್ಕೆ ಚತುರಶ್ರ ಧ್ರುವ ಕೊಟ್ಟು ಒಟ್ಟಿಗೆ ಹಾಕಿಸಿ. ಒಬ್ಬರದು 5, 5, 2, 2. ಇನ್ನೊಬ್ಬರದು 4, 2, 4, 4. ನಡುವೆ 11ನೆಯ ಅಕ್ಷರದ ಪೆಟ್ಟೊಂದನ್ನು ಬಿಟ್ಟರೆ ಪೆಟ್ಟುಗಳು ಒಟ್ಟಿಗೆ ಬೀಳುವುದೇ ಇಲ್ಲ, ಆದರೂ ಸಮಕ್ಕೆ, ಅಂದರೆ ಸುತ್ತಿನ ಮೊದಲ ಪೆಟ್ಟಿಗೆ, ಬಂದು ಸೇರುತ್ತವೆ. ಧ್ರುವ, ಅಟ್ಟ ಎರಡಕ್ಕೂ ಒಂದೇ ಜಾತಿ ಇಟ್ಟು ಸೇರಿಸಬಹುದೇ ಎಂದು ಒಬ್ಬರಾದರೂ ಕೇಳುತ್ತಾರೆ. 3ಲ+2=2ಲ+4 ಬಿಡಿಸಿದರೆ ಲ=2. ಎರಡರ ಜಾತಿ ಇಲ್ಲವೇ ಇಲ್ಲ! ಸಮೀಕರಣಕ್ಕೆ ಉತ್ತರವಿದ್ದೂ ಪ್ರಶ್ನೆಗೆ ಉತ್ತರವಿಲ್ಲದ ಇಂಥ ಜಾಗ ಪಠ್ಯಪುಸ್ತಕದಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಮನೆಗೆಲಸಕ್ಕೆ ಇದನ್ನು ಕೊಡಿ: 35ರಲ್ಲಿ 15 ಅಕ್ಷರದ ತಾಳ ಒಂದೂ ಇಲ್ಲ, ಯಾಕೆ? 7 ಅಕ್ಷರದವು ನಾಲ್ಕಿವೆ, ಯಾವುವು?

ನಿಮ್ಮ ಪತ್ರದ ಕೊನೆಗೆ ಇನ್ನೊಂದು ದೂರಿದೆ. ಮಕ್ಕಳು 2ಲ+4=14 ನೋಡಿದ ಕೂಡಲೇ ಮೊದಲು ಎರಡರಿಂದ ಭಾಗಿಸಲು ಹೋಗಿ ನಾಲ್ಕನ್ನು ಹಾಗೇ ಬಿಡುತ್ತಾರೆ ಎಂದು. ಅದಕ್ಕೆ ಜಡೆ ಕೋಲಾಟ. ಮೇಲಿನಿಂದ ಇಳಿಬಿಟ್ಟ ಬಣ್ಣದ ದಾರಗಳನ್ನು ಹಿಡಿದು ಸುತ್ತುತ್ತಾ ಜಡೆ ಹೆಣೆದದ್ದು ಸರಿ, ಬಿಚ್ಚುವುದು ಹೇಗೆ? ಕೊನೆಯ ಸುತ್ತನ್ನು ಮೊದಲು ಬಿಚ್ಚಬೇಕು, ಮೊದಲ ಸುತ್ತು ಕೊನೆಗೆ. ಒಬ್ಬ ಹುಡುಗ ಅವಸರಪಟ್ಟು ಕ್ರಮ ತಪ್ಪಿಸಿದರೆ ಗಂಟು ಬೀಳುತ್ತದೆ, ಎಲ್ಲರೂ ಅವನ ಕಡೆ ತಿರುಗುತ್ತಾರೆ. ‘ಎರಡರಿಂದ ಗುಣಿಸಿದೆವು, ಆಮೇಲೆ ನಾಲ್ಕು ಕೂಡಿದೆವು. ಈಗ ಯಾವ ಸುತ್ತು ಮೊದಲು ಬಿಚ್ಚಬೇಕು?’ ಎಂದು ಕೇಳಿದರೆ ಸಾಕು. ಹೊರಗಿನ ಸುತ್ತು ನಾಲ್ಕರದ್ದು.

ಪ್ರಶ್ನೆ: ಟೀಚರ್, ನಾನು ಎಂಟನೇ ಕ್ಲಾಸ್ ಓದಾಕತ್ತೇನ್ರಿ. ಚಂದ್ರ ತನ್ನ ಸುತ್ತ ತಾನೂ ತಿರಗತಾನ ಅಂತ ಪುಸ್ತಕದಾಗ ಐತ್ರಿ. ಹಂಗಾದ್ರ ನಮಗ ಯಾವಾಗ್ಲೂ ಅವನ ಒಂದ ಮಗ್ಗಲ ಯಾಕ ಕಾಣತೈತ್ರಿ? ಡ್ಯಾನ್ಸಿನಾಗ ಇದಕ್ಕ ಉತ್ತರ ಐತೇನ್ರಿ?
— ವಿದ್ಯಾರ್ಥಿ, ಗದಗ

ಉತ್ತರ: ಐತಪ್ಪ. ಗೆಳೆಯನನ್ನು ಅಂಗಳದ ನಡುವೆ ನಿಲ್ಲಿಸು, ಅವನು ಭೂಮಿ. ನೀನು ಚಂದ್ರ. ಮೊದಲು ನಿನ್ನ ಮನೆಯ ಬಾಗಿಲನ್ನೇ ನೋಡುತ್ತಾ, ಮುಖ ಒಂದಿಷ್ಟೂ ತಿರುಗಿಸದೆ ಅವನ ಸುತ್ತ ಒಂದು ಸುತ್ತು ಹೋಗು. ಅಡ್ಡಡ್ಡ, ಹಿಂದೆ, ಹೇಗಾದರೂ ಹೆಜ್ಜೆ ಇಡು, ಮುಖ ಮಾತ್ರ ಬಾಗಿಲ ಕಡೆಗೇ. ಗೆಳೆಯನನ್ನು ಕೇಳು, ಏನು ಕಂಡಿತು ಎಂದು. ನಿನ್ನ ಮುಖ, ಕಿವಿ, ಬೆನ್ನು, ಇನ್ನೊಂದು ಕಿವಿ ಎಲ್ಲವೂ ಕಂಡಿರುತ್ತವೆ. ಚಂದ್ರ ತಿರುಗದೇ ಇದ್ದಿದ್ದರೆ ನಮಗೆ ಅವನ ಎಲ್ಲ ಮಗ್ಗುಲೂ ಕಾಣುತ್ತಿದ್ದವು!

ಈಗ ಗೆಳೆಯನ ಮುಖವನ್ನೇ ನೋಡುತ್ತಾ ಸುತ್ತು. ಅವನಿಗೆ ನಿನ್ನ ಬೆನ್ನು ಕಾಣುವುದಿಲ್ಲ. ಆದರೆ ನಿನ್ನ ಕಣ್ಣಿಗೆ ಏನೇನು ಬಂತು? ಬಾಗಿಲು, ಬೇಲಿ, ಬೀದಿ, ಎದುರು ಮನೆ, ಮತ್ತೆ ಬಾಗಿಲು. ಒಂದು ಸುತ್ತು ಹೋಗುವಷ್ಟರಲ್ಲಿ ನೀನೂ ಒಂದು ಸಲ ಪೂರ್ತಿ ತಿರುಗಿದ್ದೀಯ. ಚಂದ್ರನಿಗೆ ಎರಡೂ ಸುತ್ತಿಗೆ ಹಿಡಿಯುವುದು ಒಂದೇ ಕಾಲ, ಸುಮಾರು 27.3 ದಿನ. ಅವನು ಸ್ವಲ್ಪ ಓಲಾಡುವುದರಿಂದ ಅರ್ಧಕ್ಕಿಂತ ಚೂರು ಹೆಚ್ಚು, ಶೇಕಡಾ 59ರಷ್ಟು, ಕಾಲಕ್ರಮದಲ್ಲಿ ನಮಗೆ ಕಾಣುತ್ತದೆ. ಉಳಿದದ್ದನ್ನು ಮನುಷ್ಯರು ನೋಡಿದ್ದು 1959ರಲ್ಲಿ, ಸೋವಿಯತ್ ದೇಶದ ಲೂನಾ 3 ನೌಕೆ ಫೋಟೋ ತೆಗೆದು ಕಳಿಸಿದಾಗ. ನಾಳೆ ನಿನ್ನ ಟೀಚರನ್ನೇ ಭೂಮಿ ಮಾಡು, ಬೇಡ ಅನ್ನುವುದಿಲ್ಲ.

ಪ್ರಶ್ನೆ: ಪ್ರೌಢಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತೇನೆ. ಮಕ್ಕಳು ಲಘು ಗುರು ಚಿಹ್ನೆ ಹಾಕಿ ಪೂರ್ತಿ ಅಂಕ ತೆಗೆಯುತ್ತಾರೆ. ಆದರೆ ಭಾಮಿನಿ ಷಟ್ಪದಿಯನ್ನು ಓದಿಸಿದರೆ ಸುದ್ದಿ ಓದಿದ ಹಾಗೆ ಓದುತ್ತಾರೆ. ನಮ್ಮಲ್ಲಿ ಯಕ್ಷಗಾನ ಕಲಿಯುವ ಮಕ್ಕಳೂ ಇದ್ದಾರೆ, ಅವರದೂ ಇದೇ ಪಾಡು.
— ಕನ್ನಡ ಶಿಕ್ಷಕರು, ಕುಂದಾಪುರ

ಉತ್ತರ: ಯಕ್ಷಗಾನದ ಮಕ್ಕಳನ್ನು ಬೈಯಬೇಡಿ. ಪ್ರಸಂಗದಲ್ಲಿ ಭಾಗವತರು ಭಾಮಿನಿ, ವಾರ್ಧಕಗಳನ್ನು ತಾಳವಿಲ್ಲದೆ ಎಳೆದು ಹಾಡುತ್ತಾರೆ. ಅದರೊಳಗಿನ ಮೂರು ನಾಲ್ಕರ ನಡೆ ಅವರ ಕಿವಿಗೆ ಬಿದ್ದಿರುವುದೇ ಅಪರೂಪ. ಆದರೆ ಏಳಕ್ಷರದ ತ್ರಿವುಡೆ ತಾಳ ಅವರ ಕಾಲಿನಲ್ಲಿದೆ, ಅಲ್ಲಿಂದ ಹಿಡಿಯಿರಿ.

ಛಂದಸ್ಸಿನ ಲಘುವಿಗೆ (ಮೇಲೆ ಹೇಳಿದ ತಾಳದ ಲಘು ಅಲ್ಲ) ಒಂದು ಚುಟುಕು ತಟ್ಟು. ಗುರುವಿಗೆ ಪೂರ್ತಿ ಹೆಜ್ಜೆ ಊರಿ ಎರಡೆಣಿಕೆ ನಿಲ್ಲಬೇಕು. ಗಣ ಶುರುವಾದಲ್ಲಿ ಗೆಜ್ಜೆ ಕೇಳುವಂತೆ ಜೋರು. ಕುಮಾರವ್ಯಾಸನ ಮೊದಲ ಸಾಲನ್ನೇ ತೆಗೆದುಕೊಳ್ಳಿ: ಶ್ರೀವ, ನಿತೆಯರ, ಸನೆ ವಿ, ಮಲ ರಾ. ಮೂರು ನಾಲ್ಕು ಮೂರು ನಾಲ್ಕು, 14 ಮಾತ್ರೆ. ‘ವನಿತೆಯ’ ಎಂಬ ಪದವನ್ನು ಗಣ ಸೀಳಿಕೊಂಡು ಹೋಗುತ್ತದೆ, ಕಾಲಿಗೆ ಅದರ ಗೊಡವೆಯಿಲ್ಲ. ಸಾಲಿನ ಕೊನೆಗೆ ‘ರಾ’ ಎಂದು ಹೆಜ್ಜೆ ಊರಿ ನಿಂತವನು ‘ಜೀವ’ ಬಾರದೆ ನಿಲ್ಲಲಾರ, ಮುಂದಿನ ಸಾಲಿಗೆ ಹೋಗಲೇಬೇಕು. ನಿಮ್ಮ ಮಕ್ಕಳು ಸಾಲು ಸಾಲಿಗೂ ನಿಲ್ಲಿಸಿ ಸುದ್ದಿ ಓದುವುದಕ್ಕೆ ಮದ್ದು ಅಲ್ಲೇ ಇದೆ. ಮೂರನೆಯ ಸಾಲಿನಲ್ಲಿ ಏಳು ಏಳು ಏಳು ಆದಮೇಲೆ ಒಂದು ಗುರು ಮಿಗುತ್ತದೆ: 23. ಅಲ್ಲಿ ಎರಡೂ ಕಾಲು ಊರಿ ನಿಲ್ಲಲಿ, ಉಸಿರೂ ಅಲ್ಲೇ. ಆರು ಸಾಲಿಗೆ 102 ಮಾತ್ರೆ, ಬೇಕಿದ್ದವರು ಎಣಿಸಿಕೊಳ್ಳಲಿ. ವಾರ್ಧಕದ ಐದರ ನಡೆಯನ್ನು ಇನ್ನೊಂದು ದಿನ ಮಾಡಿಸಿ. ಎರಡನ್ನೂ ಕಾಲಲ್ಲಿ ಮಾಡಿದವರಿಗೆ ಯಾವ ಷಟ್ಪದಿ ಎಂದು ಗುರುತಿಸಲು ಪೆನ್ಸಿಲ್ ಬೇಕಾಗುವುದಿಲ್ಲ.

ಪ್ರಶ್ನೆ: ಮಗಳ ಶಾಲೆಗೆ ವರ್ಷಕ್ಕೆ ಲಕ್ಷಗಟ್ಟಲೆ ಫೀಸು ಕಟ್ಟುತ್ತೇವೆ. ವಿಜ್ಞಾನದ ಪೀರಿಯಡ್‌ನಲ್ಲಿ ಕುಣಿಸುತ್ತಾರಂತೆ. ಇದರಿಂದ ಮಾರ್ಕ್ಸ್ ಬರುತ್ತಾ?
— ತಂದೆ, ಬೆಂಗಳೂರು

ಉತ್ತರ: ಬರುತ್ತದೆ ಎಂದು ನಾನು ಬರೆದುಕೊಡಲಾರೆ. ಕುಣಿದದ್ದನ್ನು ಅದೇ ದಿನ ಕೂತು ಬರೆಸಿದರೆ ಬರಬಹುದು, ಬರೆಸದಿದ್ದರೆ ಬರಲಿಕ್ಕಿಲ್ಲ. ಮಗಳ ನೋಟ್‌ಬುಕ್ ತೆಗೆದು, ಕುಣಿದ ದಿನದ ಪುಟದಲ್ಲಿ ಏನಿದೆ ನೋಡಿ. ಖಾಲಿ ಇದ್ದರೆ ಶಾಲೆಗೆ ಹೋಗಿ ಜಗಳವಾಡಿ, ನಾನು ನಿಮ್ಮ ಕಡೆ. ಆದರೆ ಇದು ದುಡ್ಡಿರುವ ಶಾಲೆಗಳ ಹೊಸ ಶೋಕಿ ಎಂದುಕೊಳ್ಳಬೇಡಿ. ಆಟ, ಹಾಡು, ಚಟುವಟಿಕೆಗಳಿಂದ ಕಲಿಸುವ ನಲಿಕಲಿ ಶುರುವಾದದ್ದು 1995ರಲ್ಲಿ, ಹೆಗ್ಗಡದೇವನಕೋಟೆ ತಾಲೂಕಿನ ಸರ್ಕಾರಿ ಶಾಲೆಗಳಲ್ಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಲೆಯನ್ನು ಬೇರೆ ವಿಷಯಗಳ ಜೊತೆ ಸೇರಿಸಿ ಕಲಿಸಿ ಎನ್ನುತ್ತದೆ. ಅದರ ಹೆಸರಲ್ಲಿ ಎಷ್ಟೋ ಕಡೆ ನಡೆಯುವುದು ಏನೆಂದರೆ, ರಾತ್ರಿ ಹತ್ತಕ್ಕೆ ಅಪ್ಪ ಥರ್ಮಾಕೋಲ್ ಹುಡುಕಿಕೊಂಡು ಅಂಗಡಿಗೆ ಓಡುವುದು. ಅದಕ್ಕಿಂತ ಕುಣಿಸುವುದೇ ಮೇಲು, ಖರ್ಚೂ ಇಲ್ಲ.

ಪ್ರಶ್ನೆ: ಆರನೇ ತರಗತಿಗೆ ಕೋನ ಅಳೆಯುವುದು ಬರುತ್ತಿಲ್ಲ. ಕೋನಮಾಪಕ ಕೊಟ್ಟರೆ 40ರ ಬದಲು 140 ಓದುತ್ತಾರೆ.
— ಶಿಕ್ಷಕಿ, ಮಡಿಕೇರಿ

ಉತ್ತರ: ಕೊಡಗಿನಲ್ಲಿದ್ದು ಜೇನನ್ನು ಬಿಟ್ಟಿದ್ದೀರಲ್ಲ! ಹೂವಿನ ಜಾಗ ಕಂಡುಬಂದ ಜೇನುಹುಳ ಗೂಡಿಗೆ ಮರಳಿ, ಎರಿಯ ಮೇಲೆ ಹೊಟ್ಟೆ ಅಲ್ಲಾಡಿಸುತ್ತಾ ನೇರ ಓಡಿ, ಬಳಸಿ ಬಂದು, ಮತ್ತೆ ಓಡುತ್ತದೆ. ತುಡುವೆ ಜೇನಿನ ಎರಿ ಲಂಬವಾಗಿ ತೂಗುತ್ತದೆ, ಒಳಗೆ ಕತ್ತಲೆ. ಅಲ್ಲಿ ‘ಮೇಲಕ್ಕೆ’ ಎಂದರೆ ಸೂರ್ಯನ ದಿಕ್ಕು. ಮೇಲಿನಿಂದ ಬಲಕ್ಕೆ 40 ಡಿಗ್ರಿ ಓಡಿದರೆ, ಹೂವು ಸೂರ್ಯನಿಂದ ಬಲಕ್ಕೆ 40 ಡಿಗ್ರಿಯಲ್ಲಿದೆ ಎಂದರ್ಥ. ಅಲ್ಲಾಡಿಸುತ್ತಾ ಓಡುವ ಹೊತ್ತು ಉದ್ದವಾದಷ್ಟೂ ಹೂವು ದೂರ. ಇದನ್ನು ಬಿಡಿಸಿ ತೋರಿಸಿದ ಕಾರ್ಲ್ ಫಾನ್ ಫ್ರಿಶ್ 1973ರ ನೊಬೆಲ್ ಹಂಚಿಕೊಂಡರು.

ಮೈದಾನಕ್ಕೆ ಹೋಗಿ. ಧ್ವಜಸ್ತಂಭ ಸೂರ್ಯ. ಒಬ್ಬಳು ಎಲ್ಲೋ ಒಂದು ಹೂವು ಬಚ್ಚಿಟ್ಟು ಬಂದು, ಮಾತಾಡದೆ, ತರಗತಿಯ ನೆಲದ ಮೇಲೆ ಕುಣಿಯಲಿ. ಕರಿಹಲಗೆಯ ಕಡೆ ಎಂದರೆ ಸೂರ್ಯ. ಒಂದು ಅಲ್ಲಾಟಕ್ಕೆ ಹತ್ತು ಹೆಜ್ಜೆ ಎಂದು ಮಾತಾಡಿಕೊಳ್ಳಿ. ಉಳಿದವರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕೋನ ಅಳೆದು, ಮೈದಾನದಲ್ಲಿ ಹುಡುಕಬೇಕು. 40ರ ಬದಲು 140 ಓದಿದ ತಂಡ ಶೌಚಾಲಯದ ಹಿಂದೆ ಹೋಗಿ ನಿಲ್ಲುತ್ತದೆ. ಆಮೇಲೆ ಆ ತಪ್ಪು ಮಾಡುವುದಿಲ್ಲ.

ಪ್ರಶ್ನೆ: ಡ್ಯಾನ್ಸ್ ಎಂದರೆ ಒಂಬತ್ತನೆಯ ಹುಡುಗರು ಕಿಸಕ್ಕನೆ ನಗುತ್ತಾರೆ, ಮಾಡುವುದಿಲ್ಲ. ಕಂಸಾಳೆ ಆದರೆ ಮಾಡುತ್ತೇವೆ ಎನ್ನುತ್ತಾರೆ. ಮಾಡಿಸಲೇ?
— ವಿಜ್ಞಾನ ಶಿಕ್ಷಕ, ಚಾಮರಾಜನಗರ ಜಿಲ್ಲೆ

ಉತ್ತರ: ಡ್ಯಾನ್ಸ್ ಎಂಬ ಮಾತನ್ನೇ ಎತ್ತಬೇಡಿ. ಕಂಸಾಳೆ ಬೇಡ ಎನ್ನುತ್ತೇನೆ. ಮಾದಪ್ಪನ ಭಕ್ತರಾದ ದೇವರಗುಡ್ಡರಿಗೆ ಅದು ದೀಕ್ಷೆಯ ಜೊತೆ ಬರುವಂಥದ್ದು, ನಿಮ್ಮ ಪಾಠಕ್ಕೆ ಅದನ್ನು ಎಳೆಯುವುದು ಸರಿಯಲ್ಲ. ತಮಟೆ ತನ್ನಿ. ಚೆನ್ನಾಗಿ ಬಾರಿಸುವ ಹುಡುಗ ನಿಮ್ಮ ತರಗತಿಯಲ್ಲೇ ಹಿಂದಿನ ಬೆಂಚಿನಲ್ಲಿರಬಹುದು, ಆ ಪೀರಿಯಡ್ ಅವನದು. ಕೆರೆ ಏರಿಗೆ ಕರೆದುಕೊಂಡು ಹೋಗಿ. ಅವನು ಸೆಕೆಂಡಿಗೆ ಎರಡರಂತೆ ಒಂದೇ ಸಮ ಬಾರಿಸಲಿ. ಉಳಿದವರು ಅವನ ಕೈ ನೋಡುತ್ತಾ, ಕಿವಿಗೆ ಬಿದ್ದ ಪೆಟ್ಟಿಗೆ ತಕ್ಕ ಹೆಜ್ಜೆ ಹಾಕುತ್ತಾ ಹಿಂದೆ ಹಿಂದೆ ಸರಿಯಲಿ. ದೂರ ಹೋದಂತೆ ಕೈಗೂ ಸದ್ದಿಗೂ ತಾಳ ತಪ್ಪುತ್ತದೆ. ಇನ್ನೂ ಹೋದರೆ, ಸುಮಾರು 170 ಮೀಟರಿಗೆ, ಮತ್ತೆ ಕೂಡುತ್ತದೆ. ಕೇಳಿದ್ದು ಮಾತ್ರ ಹಿಂದಿನ ಪೆಟ್ಟು. ಅರ್ಧ ಸೆಕೆಂಡಿಗೆ 170 ಮೀಟರ್. ಶಬ್ದದ ವೇಗವನ್ನು ಅವರೇ ಕಾಲಲ್ಲಿ ಅಳೆದಾಯಿತು. ಸೆಲ್‌ಫೋನಿನಲ್ಲಿ ಮೆಟ್ರೊನೋಮ್ ಹಾಕಿಕೊಟ್ಟರೆ ಲಯ ಜಾರುವುದಿಲ್ಲ.

ಪ್ರಶ್ನೆ: ಇದೆಲ್ಲ ಚಿಕ್ಕ ಮಕ್ಕಳಿಗೆ ಸರಿ. ಪಿಯುಸಿ ಜೀವಶಾಸ್ತ್ರಕ್ಕೆ?
— ಉಪನ್ಯಾಸಕಿ, ಕಲಬುರಗಿ

ಉತ್ತರ: 1971ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ವಿದ್ಯಾರ್ಥಿಗಳ ದೊಡ್ಡ ಗುಂಪು ಹುಲ್ಲಿನ ಮೈದಾನದಲ್ಲಿ ಪ್ರೋಟೀನ್ ತಯಾರಾಗುವ ಬಗೆಯನ್ನು ಕುಣಿದು ತೋರಿಸಿತು. ಮೊದಲಿಗೆ ವಿಷಯ ವಿವರಿಸಿದವರು ಪಾಲ್ ಬರ್ಗ್. ಮುಂದೆ 1980ರಲ್ಲಿ ಅವರಿಗೆ ನೊಬೆಲ್ ಬಂತು. ಪಿಎಚ್.ಡಿ. ಪ್ರಬಂಧವನ್ನೇ ಕುಣಿದು ತೋರಿಸುವ ಸ್ಪರ್ಧೆಯೊಂದು 2008ರಿಂದ ನಡೆಯುತ್ತಿದೆ. ನಿಮ್ಮ ಮಕ್ಕಳೇನು ಅವರಿಗಿಂತ ದೊಡ್ಡವರೇ?

ಹೃದಯದಿಂದ ಶುರು ಮಾಡಿ. ನೆಲದ ಮೇಲೆ ನಾಲ್ಕು ಕೋಣೆ ಬರೆದು, ಕವಾಟಗಳ ಜಾಗದಲ್ಲಿ ಇಬ್ಬಿಬ್ಬರನ್ನು ಬಾಗಿಲಾಗಿ ನಿಲ್ಲಿಸಿ, ಉಳಿದವರು ರಕ್ತ. ನೀಲಿ ರಿಬ್ಬನ್ ಹಿಡಿದು ಬಂದವರು ಶ್ವಾಸಕೋಶದಲ್ಲಿ ಕೆಂಪಿಗೆ ಬದಲಿಸಿಕೊಳ್ಳಬೇಕು. ಹೆಚ್ಚಿನವರು ಮೊದಲು ಬಲಗಡೆ, ಆಮೇಲೆ ಎಡಗಡೆ ಎಂದು ಸಾಲಾಗಿ ಕುಣಿಯುತ್ತಾರೆ, ಪುಸ್ತಕದಲ್ಲಿ ಬಾಣದ ಗುರುತು ಹಾಗೆ ಹೋಗುವುದರಿಂದ. ಆದರೆ ಎರಡು ಹೃತ್ಕರ್ಣಗಳೂ ಒಟ್ಟಿಗೆ, ಆಮೇಲೆ ಎರಡು ಹೃತ್ಕುಕ್ಷಿಗಳೂ ಒಟ್ಟಿಗೆ ಕುಗ್ಗಬೇಕು. ‘ಲಬ್’ ಎಂದಾಗ ಹೃತ್ಕರ್ಣಕ್ಕೂ ಹೃತ್ಕುಕ್ಷಿಗೂ ನಡುವಿನ ಎರಡು ಬಾಗಿಲು ಮುಚ್ಚಲಿ, ‘ಡಬ್’ ಎಂದಾಗ ಹೊರಗಿನ ಎರಡು. ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ನೀಲಿ ರಿಬ್ಬನ್ ಹಿಡಿದು ನಡೆದವಳು, ‘ಅಪಧಮನಿಯಲ್ಲೆಲ್ಲ ಶುದ್ಧ ರಕ್ತ’ ಎಂದು ಪರೀಕ್ಷೆಯಲ್ಲಿ ಬರೆಯಲಾರಳು.

ಪ್ರಶ್ನೆ: ನನ್ನ ತರಗತಿಯಲ್ಲಿ 58 ಮಕ್ಕಳು, ಕಾಲಿಡಲು ಜಾಗವಿಲ್ಲ. ಒಬ್ಬ ಹುಡುಗ ಗಾಲಿಕುರ್ಚಿಯಲ್ಲಿ ಬರುತ್ತಾನೆ. ಅವನನ್ನು ಬಿಟ್ಟು ಇದನ್ನೆಲ್ಲ ಮಾಡಿಸಲು ಮನಸ್ಸಿಲ್ಲ.
— ಶಿಕ್ಷಕಿ, ತರೀಕೆರೆ

ಉತ್ತರ: ಜಾಗವಿಲ್ಲದ ದಿನ ತಾಳ ಹಾಕಿಸಿ. ಅದು ಪೂರ್ತಿ ಕೈಯ ಕೆಲಸ, ಬೆಂಚಿನಿಂದ ಏಳುವುದೇ ಬೇಡ, ಅವನೂ ಎಲ್ಲರ ಸಮ. ಷಟ್ಪದಿಯನ್ನೂ ಡೆಸ್ಕಿನ ಮೇಲೆ ಬಾರಿಸಬಹುದು; ಪಕ್ಕದ ತರಗತಿಯವರಿಗೆ ಮೊದಲೇ ಹೇಳಿಬಿಡಿ. ಹೊರಗೆ ಹೋದ ದಿನ ಒಂದು ಎಚ್ಚರ: ಎದ್ದು ಓಡಾಡಲಾರ ಎಂದು ಪ್ರತಿ ಸಲ ಅವನನ್ನು ಸೂರ್ಯನನ್ನಾಗಿ ಮಾಡಿ ನಡುವೆ ಕೂರಿಸಬೇಡಿ. ಅವನಿಗೂ ಗೊತ್ತಾಗುತ್ತದೆ. ಜೇನಿನ ಆಟದಲ್ಲಿ ಕುರ್ಚಿಯ ಚಕ್ರ ನೆಲದ ಮೇಲೆ ಎಳೆಯುವ ಗೆರೆ ನಡೆದ ಮಕ್ಕಳದ್ದಕ್ಕಿಂತ ನೇರ, ಕೋನ ಅಳೆಯಲು ಅದೇ ಸುಲಭ. ಗದಗದ ಹುಡುಗನಿಗೆ ಹೇಳಿದ ಪಾಠಕ್ಕೆ ಇವನೇ ಚಂದ್ರನಾಗಲಿ. ಭೂಮಿಯ ಸುತ್ತ ಅಪ್ರದಕ್ಷಿಣವಾಗಿ ಕುರ್ಚಿ ತಳ್ಳಿಕೊಂಡು ಹೋದರೆ ಅವನ ಎಡಭುಜ ತಾನಾಗಿಯೇ ಸದಾ ಒಳಗಡೆ ಉಳಿಯುತ್ತದೆ. ಅಡ್ಡ ಹೆಜ್ಜೆ ಇಟ್ಟು ಎಡವುವ ಉಳಿದ 57 ಮಂದಿಗಿಂತ ಅವನು ಚೆನ್ನಾಗಿ ಸುತ್ತುತ್ತಾನೆ.